ಗಾಜಿನಾಚೆಯ ಹವಳ: ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಕ್ಲೋಸಪ್ ತೆಗೆಯುವ ಬಗೆ

ಕಣ್ಣಿಗೆ ಹಸಿರು, ಕಿತ್ತಳೆ ಎಂದು ಮಿನುಗುವ ಜೋವಾಂತಿಡ್ (ಪುಟ್ಟ ತಟ್ಟೆಗಳ ಗೊಂಚಲಿನಂಥ, ಹವಳದ ಬಳಗದ ಜೀವಿ) ಫೋಟೊದಲ್ಲಿ ನೀಲಿ ಮುದ್ದೆಯಾಗಿ ಬಂದರೆ ಬೈಗುಳ ಬೀಳುವುದು ಕ್ಯಾಮೆರಾಕ್ಕೆ. ಆದರೆ ತಪ್ಪು ಬಹುತೇಕ ಮೂರರಲ್ಲೊಂದು: ಗಾಜಿಗೆ ಓರೆಯಾಗಿ ಹಿಡಿದ ಲೆನ್ಸು, ಅಲುಗುವ ನೀರು, ಹದ್ದು ಮೀರಿದ ನೀಲಿ ಬೆಳಕು. ಈ ಮೂರನ್ನು ಸರಿಮಾಡಿಕೊಂಡರೆ ಸಾಧಾರಣ ಕ್ಯಾಮೆರಾದಲ್ಲೂ ಪಾಲಿಪ್‌ನ (ಹವಳದ ಒಂದೊಂದು ಪುಟ್ಟ ಜೀವಿಯ) ಬಾಯಿಯ ಗೆರೆ ಎಣಿಸಬಹುದು. ಮಾಡಿಕೊಳ್ಳದಿದ್ದರೆ ಲಕ್ಷ ರೂಪಾಯಿಯ ಲೆನ್ಸೂ ದಂಡ.

ಮೊದಲು ಯಾವ ಹವಳ ಎಂಬ ಮಾತು ಮುಗಿಸೋಣ. ಗಟ್ಟಿ ಅಸ್ಥಿಪಂಜರದ ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಅಂಗಡಿಯವರು ಏನೇ ಹೇಳಲಿ, ಕಾಗದವಿಲ್ಲದ ಕಲ್ಲುಹವಳವನ್ನು ಮನೆಗೆ ತರಬೇಡಿ. ಕ್ಲೋಸಪ್ ಕಲಿಯಲು ಗಟ್ಟಿ ಅಸ್ಥಿಪಂಜರವಿಲ್ಲದ ಮಶ್ರೂಮ್, ಜೋವಾಂತಿಡ್, ಲೆದರ್ ಹವಳ ಮೂರೇ ಸಾಕು, ಇಲ್ಲಿ ಹೇಳುವುದೂ ಅವನ್ನೇ ಇಟ್ಟುಕೊಂಡು. ಜೋವಾಂತಿಡ್‌ಗಳಲ್ಲಿ, ಅದರಲ್ಲೂ ದಪ್ಪ ಪಾಲಿಥೋವಾಗಳಲ್ಲಿ, ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಫೋಟೊಕ್ಕಾಗಿ ಸ್ಥಳ ಬದಲಿಸುವಾಗ ಕೈಗವಸು, ಕನ್ನಡಕ ಹಾಕಿ. ಅವು ಅಂಟಿದ ಕಲ್ಲನ್ನು ಬಿಸಿನೀರಲ್ಲಿ ಕುದಿಸಿ ಸ್ವಚ್ಛ ಮಾಡುವ ಯೋಚನೆ ಬೇಡವೇ ಬೇಡ, ಆ ಹಬೆ ಉಸಿರಾಡಿದವರು ಆಸ್ಪತ್ರೆ ಸೇರಿದ್ದಾರೆ.

ಹಿಂದಿನ ದಿನವೇ ಶುರು

ಹವಳ ಮುಂದಿನ ಗಾಜಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಲೆಕ್ಕ ಹೀಗಿದೆ. 100 ಮಿ.ಮೀ. ಮ್ಯಾಕ್ರೊ (ಕ್ಲೋಸಪ್) ಲೆನ್ಸ್ 1:1 ಅಳತೆಯಲ್ಲಿ, ಅಂದರೆ ವಸ್ತುವಿನ ನಿಜ ಗಾತ್ರವೇ ಸೆನ್ಸರಿನ ಮೇಲೆ ಬೀಳುವಂತೆ, ತೆಗೆಯುವಾಗ ಅದರ ಮೂತಿಯಿಂದ ವಸ್ತುವಿಗೆ ಸುಮಾರು 13 ಸೆಂ.ಮೀ. ಅಂತರವಿರುತ್ತದೆ. ನೀರಿನಲ್ಲಿ ವಸ್ತು ನಿಜವಾದ ದೂರದ ಮುಕ್ಕಾಲು ಪಾಲಿನಲ್ಲಿ ಇದ್ದಂತೆ ಕಾಣುವುದರಿಂದ ಲೆನ್ಸನ್ನು ಗಾಜಿಗೆ ತಾಗಿಸಿದರೂ ಹವಳ ಹೆಚ್ಚೆಂದರೆ 17 ಸೆಂ.ಮೀ. ಒಳಗಿರಬೇಕು. ಅದಕ್ಕಿಂತ ಹಿಂದೆ ಹೋದರೆ ಪೂರ್ಣ ಅಳತೆ ಸಿಗದು. ಜೊತೆಗೆ, ನಡುವಿನ ನೀರು ಹೆಚ್ಚಿದಷ್ಟೂ ಚಿತ್ರ ಮಂಕು. ಪ್ಲಗ್ ಎಂಬ ಪುಟ್ಟ ಬಿಲ್ಲೆಯ ಮೇಲೆ ಅಂಟಿಸಿದ ತುಣುಕಾದರೆ ಹಿಂದಿನ ಸಂಜೆಯೇ ಗಾಜಿನಿಂದ 5–8 ಸೆಂ.ಮೀ. ಒಳಗಿನ ರ‍್ಯಾಕಿಗೆ ತಂದಿಡಿ. ಮುಟ್ಟಿದ ಜೋವಾ (ಜೋವಾಂತಿಡ್) ಗಂಟೆಗಟ್ಟಲೆ ಮುಚ್ಚಿಕೊಂಡಿರುತ್ತದೆ, ಕೆಲವೊಮ್ಮೆ ಮರುದಿನದವರೆಗೂ. ಲೆದರ್ ಮೈಮೇಲೆ ಮೇಣದಂಥ ಪೊರೆ ಕಟ್ಟಿಕೊಂಡು ಪಾಲಿಪ್ ಒಳಗೆಳೆದು ಕೂತಿದ್ದರೆ ಅದು ಪೊರೆ ಕಳಚುವ ಕಾಲ, ಕೆಲವು ದಿನ ಬಿಟ್ಟುಬಿಡಿ.

ಗಾಜು ಒರೆಸುವುದೂ ಹಿಂದಿನ ದಿನದ ಕೆಲಸ. ಒಳಗಿನ ಪಾಚಿ ಪದರ ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ ಮ್ಯಾಕ್ರೊದಲ್ಲಿ ಮಂಜಿನಂತೆ ಕೂರುತ್ತದೆ. ಉಜ್ಜಿದ ಕೂಡಲೇ ತೆಗೆದರೆ ತೇಲುವ ಪುಡಿಯೆಲ್ಲ ಬಿಳಿ ಚುಕ್ಕೆಗಳಾಗಿ ಬರುತ್ತದೆ, ಅದಕ್ಕೇ ಒಂದು ರಾತ್ರಿಯ ಅಂತರ. ಬ್ಲೇಡ್ ಸ್ಕ್ರೇಪರ್ ಗಾಜಿಗೆ ಮಾತ್ರ, ಅಕ್ರಿಲಿಕ್ ಟ್ಯಾಂಕಿಗೆ ಬ್ಲೇಡ್ ಮುಟ್ಟಿಸಬಾರದು. ಹೊರಬದಿಯದ್ದು ನಮ್ಮ ಕಡೆಯ ವಿಶೇಷ ತೊಂದರೆ: ಕಲಬುರಗಿಯ ಬೋರ್ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಒಣಗಿದ ಮೇಲೆ ಸುಣ್ಣದ ಕಲೆ ಉಳಿಯುತ್ತದೆ. ಶಹಾಬಾದ್ ಫರಸಿಯ (ಸುಣ್ಣಕಲ್ಲಿನ) ನಾಡಿನಲ್ಲಿ ಬೋರ್ ನೀರು ಗಡುಸಾಗಿದ್ದರೆ ಆಶ್ಚರ್ಯವೇನಿಲ್ಲ. ಬಟ್ಟೆಗೆ ಸ್ವಲ್ಪ ಬಿಳಿ ವಿನಿಗರ್ ಹಚ್ಚಿ ಕಲೆ ತೆಗೆದು, ಆರ್‌ಒ ನೀರಿನಿಂದ ಒರೆಸಿ, ಒಣ ಮೈಕ್ರೋಫೈಬರ್‌ನಿಂದ ಮುಗಿಸಿ. ಗಾಜಿನ ಕ್ಲೀನರ್ ಸ್ಪ್ರೇ ಟ್ಯಾಂಕಿನ ಸುತ್ತ ಬೇಡ.

ಎಲ್ಲ ನಿಲ್ಲಿಸುವ ಕ್ರಮ

ಪಂಪುಗಳನ್ನು ನಿಲ್ಲಿಸದೆ ಕ್ಲೋಸಪ್ ಇಲ್ಲ. ಆದರೆ ಸ್ವಿಚ್‌ಬೋರ್ಡನ್ನೇ ಒಮ್ಮೆಲೇ ಆರಿಸುವುದು ಅನಾಹುತ. ನೀರು ತಂಪಿಡುವ ಚಿಲ್ಲರ್ ಇದ್ದರೆ ಮೊದಲು ಅದನ್ನು ಆರಿಸಿ, ಯಾಕೆಂದರೆ ನೀರು ಹರಿಯದೆ ಕಂಪ್ರೆಸರ್ ಓಡಿದರೆ ಒಳಗಿನ ನೀರು ಹೆಪ್ಪುಗಟ್ಟಿ ಅದು ಹಾಳಾಗುತ್ತದೆ. ಆಮೇಲೆ ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್: ನೀರನ್ನು ಮತ್ತೆ ಟ್ಯಾಂಕಿಗೆ ಏರಿಸುವ ರಿಟರ್ನ್ ಪಂಪ್ ನಿಂತಾಗ ಮೇಲಿನ ನೀರು ಸಂಪಿಗೆ (ಕೆಳಗಿನ ಶೋಧನೆಯ ತೊಟ್ಟಿಗೆ) ಇಳಿದು ಮಟ್ಟ ಏರುತ್ತದೆ, ಸ್ಕಿಮ್ಮರ್ ಓಡುತ್ತಲೇ ಇದ್ದರೆ ಕಪ್ ತುಂಬಿ ಕೊಳೆ ಹೊರಚೆಲ್ಲುತ್ತದೆ. ಮೂರನೆಯದು ರಿಟರ್ನ್ ಪಂಪ್, ಕೊನೆಗೆ ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ವೇವ್‌ಮೇಕರ್. ತಾನೇ ನೀರು ತುಂಬುವ ಟಾಪ್‌ಅಪ್ ಇದ್ದರೆ ಅದನ್ನೂ ಆರಿಸಿಡಿ. ಮತ್ತೆ ಚಾಲೂ ಮಾಡುವಾಗ ಮೊದಲು ವೇವ್‌ಮೇಕರ್ ಮತ್ತು ರಿಟರ್ನ್, ಸಂಪಿನ ಮಟ್ಟ ಹಳೆಯ ಗೆರೆಗೆ ಬಂದ ಮೇಲೆ ಸ್ಕಿಮ್ಮರ್ ಮತ್ತು ಟಾಪ್‌ಅಪ್, ಕೊನೆಗೆ ಚಿಲ್ಲರ್.

ನಿಲ್ಲಿಸಿ ಹತ್ತು ನಿಮಿಷ ಕಾಯಿರಿ. ಅಷ್ಟರಲ್ಲಿ ಕಸ ತಳ ಸೇರುತ್ತದೆ, ಮೀನೂ ನಿಮ್ಮನ್ನು ಊಟ ಹಾಕುವವರೆಂದು ಮುತ್ತುವುದನ್ನು ಬಿಡುತ್ತದೆ. ಮುಂದಿನ ಹದಿನೈದು ನಿಮಿಷ ನಿಮ್ಮದು. ಮೊಬೈಲಿನಲ್ಲಿ ಅಲಾರಂ ಇಡಿ. ಬಿಸಿನೀರು ಆಮ್ಲಜನಕ ಹಿಡಿಯುವುದು ಕಡಿಮೆ. ಏಪ್ರಿಲ್–ಮೇನಲ್ಲಿ, ಹೊರಗೆ 42 ಡಿಗ್ರಿ ಸುಡುವಾಗ, ಒಟ್ಟು ಅರ್ಧ ಗಂಟೆ ಮೀರಬೇಡಿ. ಫೋಟೊ ಗುಂಗಿನಲ್ಲಿ ಪಂಪ್ ಮರೆತು ಮಲಗಿದರೆ ಬೆಳಗ್ಗೆ ತೆಗೆಯಲು ಏನೂ ಉಳಿದಿರುವುದಿಲ್ಲ.

ಕೋಣೆಯ ಕೂಲರ್ ಕೂಡ ಆರಿಸಬೇಕು. ಅದರ ಗಾಳಿ ನೀರಿನ ಮೇಲ್ಮೈಯಲ್ಲಿ ಸಣ್ಣ ಅಲೆ ಎಬ್ಬಿಸುತ್ತದೆ, ಆ ಅಲೆ ಹವಳದ ಮೇಲೆ ಓಡಾಡುವ ಬೆಳಕಿನ ಗೆರೆಯಾಗುತ್ತದೆ, ಪ್ರತಿ ಫ್ರೇಮಿನ ಎಕ್ಸ್‌ಪೋಶರೂ ಬೇರೆ ಬೇರೆ. ಟ್ಯಾಂಕ್ ತಂಪಿಡಲು ಮೇಲೆ ಫ್ಯಾನ್ ಕಟ್ಟಿದವರಿಗೂ ಇದೇ ಮಾತು. (ಇಲ್ಲಿಯ ಒಣ ಬೇಸಿಗೆಯಲ್ಲಿ ಫ್ಯಾನು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ನೀರು ಆರಿ ಉಪ್ಪು ಏರುತ್ತದೆ. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿದೆಯೇ ನೋಡಿ, ಟಾಪ್‌ಅಪ್‌ಗೆ ಆರ್‌ಒ ಡಿಐ (ಲವಣವೆಲ್ಲ ತೆಗೆದ) ನೀರನ್ನೇ ಹಾಕಿ. ಉಪ್ಪೇರಿ ಸೊರಗಿದ ಪಾಲಿಪ್ ಅರಳುವುದಿಲ್ಲ, ಅರಳದ ಪಾಲಿಪ್‌ಗೆ ಫೋಟೊ ಇಲ್ಲ.)

ಬೆಳಕು, ಅಂದರೆ ನೀಲಿ

ರೀಫ್ ಎಲ್‌ಇಡಿಯ ಹೆಚ್ಚಿನ ಶಕ್ತಿ 450 ನ್ಯಾನೋಮೀಟರ್ ಸುತ್ತಲಿನ ರಾಯಲ್ ಬ್ಲೂನಲ್ಲಿದೆ. ಹವಳದ ಪ್ರೋಟೀನುಗಳು ಆ ನೀಲಿಯನ್ನು ಹೀರಿ ಹಸಿರು, ಕಿತ್ತಳೆಯಾಗಿ ಮರಳಿ ಉಗುಳುತ್ತವೆ. ಮಿನುಗು ಎನ್ನುವುದು ಅದೇ. ಮಿದುಳು ನೀಲಿಯನ್ನು ಕಳೆದು ನೋಡುತ್ತದೆ, ಸೆನ್ಸರಿಗೆ ಆ ಜಾಣತನವಿಲ್ಲ. ಬಹುತೇಕ ಕ್ಯಾಮೆರಾಗಳ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ) 10,000 ಕೆಲ್ವಿನ್ ಹತ್ತಿರ ನಿಂತುಬಿಡುತ್ತದೆ, ಟ್ಯಾಂಕಿನ ಬೆಳಕೋ ಅದರಾಚೆ.

ಆದ್ದರಿಂದ ಶೂಟಿಂಗಿನ ಅರ್ಧ ಗಂಟೆಗೆ ಲೈಟಿನ ನೀಲಿ ಚಾನೆಲ್ಲನ್ನು 30–40 ಶೇಕಡಾಕ್ಕೆ ಇಳಿಸಿ, ಬಿಳಿಯನ್ನು ಕಣ್ಣಿಗೆ ಹಗಲಿನಂತೆ ಕಾಣುವವರೆಗೆ ಏರಿಸಿ. ಒಟ್ಟು ಹೊಳಪು ದಿನನಿತ್ಯದ್ದಕ್ಕಿಂತ ಹೆಚ್ಚಾಗಬಾರದು. ಬಿಳಿ ಪಿವಿಸಿ ಪೈಪಿನ ತುಂಡೊಂದನ್ನು ಹವಳದ ಪಕ್ಕದಲ್ಲೇ, ಅದೇ ಆಳದಲ್ಲಿ ಹಿಡಿದು ಒಂದು ಫ್ರೇಮ್ ತೆಗೆದುಕೊಳ್ಳಿ. ಕಸ್ಟಮ್ ವೈಟ್ ಬ್ಯಾಲೆನ್ಸ್‌ಗೂ ಅದೇ, ಆಮೇಲೆ ಎಡಿಟಿಂಗಿನಲ್ಲಿ ಕ್ಲಿಕ್ ಮಾಡಲೂ ಅದೇ. ಬಿಳಿ ಕಾಗದ ಬೇಡ, ಅದರಲ್ಲಿರುವ ಹೊಳಪುಕಾರಕ ನೇರಳೆ ಬೆಳಕಿಗೆ ತಾನೇ ನೀಲಿಯಾಗಿ ಮಿನುಗಿ ಲೆಕ್ಕ ಕೆಡಿಸುತ್ತದೆ.

ಪೂರ್ತಿ ನೀಲಿಯಲ್ಲೇ ಮಿನುಗು ಹಿಡಿಯುವ ಆಸೆಯಿದ್ದರೆ ಲೆನ್ಸ್ ಮುಂದೆ ಹಳದಿ ಅಥವಾ ಕಿತ್ತಳೆ ಫಿಲ್ಟರ್ ಹಿಡಿಯಿರಿ. ಪ್ರತಿಫಲಿಸಿದ ನೀಲಿ ಅಲ್ಲೇ ತಡೆದು ಪ್ರೋಟೀನಿನ ಬಣ್ಣ ಮಾತ್ರ ಒಳಬರುತ್ತದೆ. ತೀರಾ ಗಾಢ ಕಿತ್ತಳೆಯಾದರೆ ಹಿನ್ನೆಲೆ ಕಪ್ಪಾಗಿ ಹವಳ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಹಳದಿಯೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ.

ಮಂದಗೊಳಿಸಿದ ಎಲ್‌ಇಡಿ ವೇಗವಾಗಿ ಆರಿ ಉರಿಯುತ್ತಿರುತ್ತದೆ. ಎಲೆಕ್ಟ್ರಾನಿಕ್ ಶಟರಿನಲ್ಲಿ ಇದು ಅಡ್ಡ ಪಟ್ಟೆಗಳಾಗಿ ಬರುತ್ತದೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ, ಆಗಲೂ ಹೋಗದಿದ್ದರೆ ಶಟರ್ ವೇಗ ತಗ್ಗಿಸಿ.

ಲೆನ್ಸು ಗಾಜಿಗೆ ನೇರ

ಗಾಜಿಗೂ ಲೆನ್ಸಿಗೂ 90 ಡಿಗ್ರಿ. ಸ್ವಲ್ಪ ಓರೆಯಾದರೂ ಬೇರೆ ಬೇರೆ ಬಣ್ಣ ಬೇರೆ ಬೇರೆ ಕೋನಕ್ಕೆ ಬಾಗಿ, ಪಾಲಿಪ್‌ನ ಒಂದು ಅಂಚಿಗೆ ನೇರಳೆ, ಇನ್ನೊಂದಕ್ಕೆ ಹಸಿರು ಗೆರೆ ಬರುತ್ತದೆ. ಇದನ್ನು ಲೆನ್ಸಿನ ದೋಷವೆಂದು ತಿಳಿದು ಲೆನ್ಸ್ ಮಾರಿದವರುಂಟು. ಮೇಲಿನಿಂದ ಕೆಳಕ್ಕೆ ವಾಲಿಸಿ ತೆಗೆಯುವ ಅಭ್ಯಾಸ ಬಿಡಿ, ಟ್ರೈಪಾಡನ್ನೇ ಹವಳದ ಮಟ್ಟಕ್ಕೆ ಇಳಿಸಿ. ರಬ್ಬರ್ ಹುಡ್ ಹಾಕಿ ಅದರ ಬಾಯಿ ಪೂರ್ತಿ ಗಾಜಿಗೆ ಕೂರುವಂತೆ ಹಚ್ಚಿದರೆ ಕೋನವೂ ನೇರ, ಟ್ಯೂಬ್‌ಲೈಟಿನ ಪ್ರತಿಬಿಂಬವೂ ಇಲ್ಲ. ಹುಡ್ ಇಲ್ಲದವರು ಕೋಣೆಯ ದೀಪ ಆರಿಸಿ, ಕಪ್ಪು ಅಂಗಿ ತೊಡಿ. ಹಗಲಲ್ಲಿ ನಮ್ಮ ಕಿಟಕಿಗಳಿಂದ ನುಗ್ಗುವ ಬಿಸಿಲನ್ನು ಪರದೆ ತಡೆಯದು, ಸಂಜೆ ಏಳರ ಮೇಲೆ ಕೂತರೆ ಕೆಲಸ ಸಲೀಸು. ಟ್ಯಾಂಕಿನ ಲೈಟು ಹತ್ತಿ ಮೂರ್ನಾಲ್ಕು ಗಂಟೆಯಾಗಿದ್ದರೆ ಹವಳವೂ ಪೂರ್ತಿ ಅರಳಿರುತ್ತದೆ, ಟೈಮರನ್ನು ಅದಕ್ಕೆ ಹೊಂದಿಸಿ.

ಸೆಟ್ಟಿಂಗ್: ಮ್ಯಾನ್ಯುಅಲ್ ಮೋಡ್, ಎಫ್ 8ರಿಂದ 11, ಶಟರ್ 1/125, ಐಎಸ್‌ಒ 400ರಿಂದ ಶುರುಮಾಡಿ ಬೇಕಾದಷ್ಟು. ರಾ (ಸೆನ್ಸರಿನ ಕಚ್ಚಾ) ಫೈಲ್ ಕಡ್ಡಾಯ. ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್ ಆರಿಸಿ, ಎರಡು ಸೆಕೆಂಡ್ ಟೈಮರ್ ಹಾಕಿ. ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ಗ್ರಾಫ್) ನೋಡುವಾಗ ಬಿಳಿ ಗ್ರಾಫ್ ನಂಬಬೇಡಿ. ಅದು ಸರಿಯಿದ್ದಂತೆ ಕಂಡರೂ ನೀಲಿ ಚಾನೆಲ್ ಬಲಗಡೆ ಗೋಡೆಗೆ ಬಡಿದಿರುತ್ತದೆ. ಮೂರು ಬಣ್ಣದ ಗ್ರಾಫ್ ತೆರೆದು, ನೀಲಿ ಗೋಡೆ ಬಿಡುವವರೆಗೆ ಎಕ್ಸ್‌ಪೋಶರ್ ಇಳಿಸಿ. ಹರಿದುಹೋದ ನೀಲಿಯನ್ನು ಯಾವ ಸಾಫ್ಟ್‌ವೇರೂ ಹೊಲಿಯದು.

ಇನ್ನು ಫೋಕಸ್. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 1:1ಕ್ಕೆ ಎಫ್ 8 ಇಟ್ಟರೆ ಸ್ಪಷ್ಟವಾಗುವ ಆಳ ಹೆಚ್ಚುಕಡಿಮೆ ಒಂದು ಮಿ.ಮೀ. ಜೋವಾ ಪಾಲಿಪ್ ಒಂದರ ತಟ್ಟೆ ಎಂಟ್ಹತ್ತು ಮಿ.ಮೀ. ಅಗಲ, ಮಧ್ಯದಲ್ಲಿ ಸೀಳಿನಂಥ ಬಾಯಿ, ಅಂಚಿನಲ್ಲಿ ಎರಡು ಸಾಲು ರೆಪ್ಪೆ. ಬಾಯಿ ತಗ್ಗಿನಲ್ಲಿ, ರೆಪ್ಪೆ ಎತ್ತರದಲ್ಲಿ. ಆಟೋಫೋಕಸ್ ಹೊಳೆಯುವ ರೆಪ್ಪೆಯನ್ನೇ ಹಿಡಿಯುತ್ತದೆ, ಬಾಯಿ ಮಸಕು. ನೋಡುಗರ ಕಣ್ಣು ಮೊದಲು ಹೋಗುವುದು ಬಾಯಿಗೆ. ಲೈವ್ ವ್ಯೂವನ್ನು ಹತ್ತು ಪಟ್ಟು ಹಿಗ್ಗಿಸಿ, ಮ್ಯಾನ್ಯುಅಲ್ಲಿನಲ್ಲಿ ಬಾಯಿಯ ಗೆರೆಗೆ ಫೋಕಸ್ ಕೂರಿಸಿ. ಎರಡೂ ಬೇಕೆಂದರೆ ಅರ್ಧ ಅಳತೆಗೆ ಹಿಂದೆ ಸರಿಯಿರಿ, ಆಳ ಸುಮಾರು ಮೂರು ಮಿ.ಮೀ. ಆಗುತ್ತದೆ. ಎಫ್ 22ಕ್ಕೆ ಮುಚ್ಚಿದರೆ ಆಳ ಹೆಚ್ಚಿದರೂ ಇಡೀ ಚಿತ್ರ ಮೆತ್ತಗಾಗುತ್ತದೆ: 1:1ರಲ್ಲಿ ಎಫ್ 8 ಎನ್ನುವುದೇ ನಿಜದಲ್ಲಿ ಎಫ್ 16ರಂತೆ ವರ್ತಿಸುತ್ತದೆ. ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ಫೋಕಸಿನ ಫ್ರೇಮುಗಳನ್ನು ಒಂದಾಗಿಸುವುದು) ಮಶ್ರೂಮ್‌ಗೆ ಒಪ್ಪುತ್ತದೆ, ಅರ್ಧ ಮಿ.ಮೀ. ಹೆಜ್ಜೆಯಲ್ಲಿ ಹತ್ತು ಫ್ರೇಮ್. ಲೆದರ್‌ನ ಪಾಲಿಪ್ ನಿಂತ ನೀರಲ್ಲೂ ತೂಗುತ್ತದೆ, ಅದಕ್ಕೆ ಪ್ರಯತ್ನವೇ ವ್ಯರ್ಥ.

ಮೇಲಿನಿಂದ ನೋಡುವ ಕೊಳವೆ

ಮಶ್ರೂಮ್ ಮತ್ತು ಜೋವಾದ ನಿಜವಾದ ಮುಖ ಮೇಲ್ಬದಿಯದು. ಅಂಗಡಿಯ ವ್ಯೂಯಿಂಗ್ ಬಾಕ್ಸ್‌ಗೆ (ನೀರಿಗಿಳಿಸಿ ನೋಡುವ, ಗಾಜಿನ ತಳದ ಡಬ್ಬಿಗೆ) ಕಾಯದೆ ಮನೆಯಲ್ಲೇ ಮಾಡಬಹುದು. 110 ಮಿ.ಮೀ. ಪಿವಿಸಿ ಪೈಪ್ 15 ಸೆಂ.ಮೀ. ಉದ್ದ ಕೊಯ್ಯಿಸಿ, ಬಾಯಿಯನ್ನು ಸಮತಟ್ಟಾದ ಫರಸಿಯ ಮೇಲೆ ಮರಳು ಕಾಗದ ಹಾಸಿ ಉಜ್ಜಿ ನೆಟ್ಟಗೆ ಮಾಡಿ. 4 ಮಿ.ಮೀ. ಗಾಜಿನ 12 ಸೆಂ.ಮೀ. ಚೌಕವನ್ನು ಅಕ್ವೇರಿಯಂ ಸಿಲಿಕೋನಿನಿಂದ ಅಂಟಿಸಿ. ಬೂಷ್ಟು ನಿರೋಧಕ ಬೆರೆತ ಬಾತ್‌ರೂಮ್ ಸಿಲಿಕೋನ್ ತರಬೇಡಿ, ಅದು ಟ್ಯಾಂಕಿಗೆ ವಿಷ. 48 ಗಂಟೆ ಒಣಗಲಿ, ಆಮೇಲೆ ಬಕೆಟ್ ನೀರಿನಲ್ಲಿ ಒಂದು ಗಂಟೆ ಅದುಮಿ ಸೋರಿಕೆ ನೋಡಿ. ಒಳಗೆ ಕಪ್ಪು ಕಾಗದ ಸುತ್ತಿದರೆ ಪ್ರತಿಬಿಂಬ ಇಲ್ಲ. ಕೊಳವೆ ತೇಲುತ್ತದೆ, ಆದ್ದರಿಂದ ಒಬ್ಬರು ಅದುಮಿ ಹಿಡಿಯಲಿ, ಇನ್ನೊಬ್ಬರು ತೆಗೆಯಲಿ. ಗಾಜಿನಡಿ ಗುಳ್ಳೆ ಸಿಕ್ಕಿದ್ದರೆ ಓರೆಮಾಡಿ ಇಳಿಸಿದರೆ ಹೊರಬರುತ್ತದೆ. ಕ್ಯಾಮೆರಾದ ಪಟ್ಟಿ ಕೊರಳಲ್ಲೇ ಇರಲಿ.

ಮೊಬೈಲಿನವರಿಗೆ ಒಂದೆರಡು ಮಾತು. ಅಲ್ಟ್ರಾವೈಡ್‌ನ ಮ್ಯಾಕ್ರೊ ಮೋಡ್ ಬಿಟ್ಟು ಮುಖ್ಯ ಕ್ಯಾಮೆರಾಕ್ಕೆ ಕ್ಲಿಪ್ ಲೆನ್ಸ್ ಹಾಕಿ. ಅದು ಕೆಲವೇ ಸೆಂ.ಮೀ. ದೂರದ್ದನ್ನು ಮಾತ್ರ ಹಿಡಿಯುವುದರಿಂದ ಹವಳ ಗಾಜಿಗೆ ಅಂಟಿಕೊಂಡಂತಿರಬೇಕು. ಪ್ರೊ ಮೋಡ್‌ನಲ್ಲಿ ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಇಳಿಸಿ ಲಾಕ್ ಮಾಡಿ.

ಎಡಿಟಿಂಗಿಗೆ ಟ್ಯಾಂಕಿನ ಎದುರೇ ಕೂರಿ. ಪಿವಿಸಿ ತುಂಡಿನ ಮೇಲೆ ಕ್ಲಿಕ್ ಮಾಡಿ ಬಿಳಿ ಸರಿಪಡಿಸಿ, ತೇಲುವ ಚುಕ್ಕೆಗಳನ್ನು ಅಳಿಸಿ, ಆಮೇಲೆ ಪರದೆಯನ್ನೂ ಹವಳವನ್ನೂ ಒಂದೊಂದು ಸಲ ನೋಡುತ್ತ ನೀಲಿಯನ್ನಷ್ಟೇ ತಿದ್ದಿ. ಸ್ಯಾಚುರೇಶನ್ ಗುಂಡಿ ಮುಟ್ಟಿದರೆ ಹತ್ತು ರೂಪಾಯಿಯ ಜೋವಾ ಸಾವಿರ ರೂಪಾಯಿಯದಾಗುತ್ತದೆ, ಮಾರುವವರ ಫೋಟೊಗಳಲ್ಲಿ ಆಗುವುದು ಅದೇ. ಕೆಲಸ ಮುಗಿದ ಮೇಲೆ ಕ್ಯಾಮೆರಾ, ಲೆನ್ಸಿನ ಹೊರಮೈ, ಟ್ರೈಪಾಡ್ ಕಾಲು ಎಲ್ಲವನ್ನೂ ಆರ್‌ಒ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಉಪ್ಪು ಒಣಗಿದ ಮೇಲೆ ಒರೆಸಿದರೆ ಹರಳು ಗೀರುತ್ತದೆ. ಸ್ಕಿಮ್ಮರ್ ಚಾಲೂ ಆಗಿದೆಯೇ ಇನ್ನೊಮ್ಮೆ ನೋಡಿ.