ಜಡ್ಡಿಗೆ ನೀರು ವಾಪಸ್ ಬಿಟ್ಟೆ

ನಮ್ಮ ತೋಟದ ಕೆಳಗಿನ 12 ಗುಂಟೆ ಜಡ್ಡಿಯಲ್ಲಿ (ಕಾಡಿನ ಜೌಗು ನೆಲ) ನೆಟ್ಟ ರಾಮಪತ್ರೆ (ಕಾಡು ಜಾಯಿಕಾಯಿ) ಜಾತಿಯ ಗಿಡಗಳ ಬುಡಕ್ಕೆ ಈ ಮಳೆಗಾಲ ಊರುಗೋಲಿನಂಥ ಬೇರು ಇಳಿದಿದೆ. ಆಗುವುದಿಲ್ಲ ಎಂದಿದ್ದವರೆಲ್ಲ ಬಂದು ನೋಡಿ ಹೋದರು, ಅದಕ್ಕೇ ಬರೆಯುತ್ತಿದ್ದೇನೆ.

2011ರಲ್ಲಿ ನಮ್ಮ ಉತ್ತರ ಕನ್ನಡದಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು. ಆದರೆ ಸಿಂಗಳೀಕ ನೆಲಕ್ಕಿಳಿಯುವುದೇ ಅಪರೂಪ, ಕೊಂಬೆಗೆ ಕೊಂಬೆ ತಾಗಬೇಕು. ಎರಡು ಕಾನಿನ, ಅಂದರೆ ದಟ್ಟ ಕಾಡಿನ, ನಡುವೆ ಬೋಳಾಗಿದ್ದದ್ದು ನಮ್ಮ ಜಡ್ಡಿಯೇ. ಅಜ್ಜ ಅಡಿಕೆಗೆಂದು ಕಾಲುವೆ ಕಡಿದು ಅದರ ನೀರು ಬಸಿದಿದ್ದರು.

ಮೊದಲ ವರ್ಷ ಒಂದು ಚೀಲ ಬೀಜ ತಂದು, ಅಡಿಕೆಯಂತೆ ನಾಲ್ಕು ದಿನ ಅಂಗಳದಲ್ಲಿ ಒಣಗಿಸಿದೆ. ಒಂದೂ ಮೊಳೆಯಲಿಲ್ಲ. ಮರುವರ್ಷ ಹಸಿ ಬೀಜವನ್ನೇ ಕೆಸರಿಗೆ ಊರಿದೆ, ಏಡಿಗಳು ತಿಂದವು. ಮೂರನೇ ಸಲ ಬಿದ್ದ ದಿನವೇ ಬೀಜಕ್ಕೆ ಅಂಟಿದ ಪತ್ರೆ ಬಿಡಿಸಿ, ನೆರಳಲ್ಲಿ ಮಣ್ಣು ತುಂಬಿದ ಚೀಲಕ್ಕೆ ಹಾಕಿದೆ. ಚೆನ್ನಾಗಿ ಎದ್ದವು. ನೆಟ್ಟ ಮುನ್ನೂರರಲ್ಲಿ ಬೇಸಿಗೆ ದಾಟಿದ್ದು ಹದಿನೈದಿಪ್ಪತ್ತು. ಆಗ ಹೊಳೆಯಿತು: ತಪ್ಪು ಗಿಡದ್ದಲ್ಲ, ಕಾಲುವೆಯದ್ದು. ಮಾರ್ಚ್‌ಗೇ ನೆಲ ಬಿರಿಯುತ್ತಿತ್ತು. ಕಾಲುವೆಗೆ ಒಡ್ಡು ಹಾಕಲು ಹೊರಟೆ.

"ನೀರು ಕಟ್ಟಿರೆ ಕೆಳಗಿನ ಸಾಲು ಹೋಗ್ತು ನೋಡು ತಮಾ" ಎಂದರು ಮಾವ. ಹೋಯಿತು, ಸುಮಾರು 60 ಅಡಿಕೆ ಮರ. ವರ್ಷಕ್ಕೆ ಮೂವತ್ತು ಸಾವಿರದ ಮೇಲೆ ಹೊಡೆತ. ಮೊದಲ ಮಣ್ಣಿನ ಒಡ್ಡು ಆಷಾಢದ ಒಂದೇ ರಾತ್ರಿ ಕೊಚ್ಚಿಹೋಗಿ ಎಂಟು ಸಾವಿರದ ಕೂಲಿ ನೀರುಪಾಲು. ಬಳಿಕ ಚಿರೆಕಲ್ಲು, ಜಿಗಟು ಮಣ್ಣು ಸೇರಿಸಿ ಮೂರು ಕಡೆ ಗಿಡ್ಡ ಒಡ್ಡು ಹಾಕಿದೆ. ಎತ್ತರದ ಒಂದಕ್ಕಿಂತ ಗಿಡ್ಡ ಮೂರು ಗಟ್ಟಿ. ಎಲ್ಲ ಸೇರಿ ಎಪ್ಪತ್ತು ಸಾವಿರ ದಾಟಿರಬೇಕು. ಈಗ ಏಪ್ರಿಲ್‌ನಲ್ಲೂ ಕಾಲು ಕೆಸರಲ್ಲಿ ಹೂತುಹೋಗುತ್ತದೆ. ಎರಡು ವರ್ಷ ಚೀಲದಲ್ಲೇ ಬೆಳೆಸಿದ, ನೆರೆಗೆ ತಲೆ ಮುಳುಗದಷ್ಟು ಎತ್ತರದ ಗಿಡಗಳನ್ನೇ ನೆಟ್ಟೆ. ಇನ್ನೂರರಲ್ಲಿ ನೂರೈವತ್ತು ಗಟ್ಟಿಯಾಗಿವೆ. ತಾಲೂಕಿನಲ್ಲಿ ಖಾಸಗಿಯಾಗಿ ಇಷ್ಟು ಉಳಿಸಿದವರನ್ನು ನಾನಂತೂ ಕಂಡಿಲ್ಲ.

ಏಡಿಗೆ ಏನು ಮಾಡಿದೆ ಎಂಬುದನ್ನು ತೋಟಕ್ಕೆ ಬಂದವರಿಗಷ್ಟೇ ತೋರಿಸುತ್ತೇನೆ. ತಾಯಿಮರ ಎಲ್ಲಿದೆಯೆಂದು ಮಾತ್ರ ಯಾರಿಗೂ ಹೇಳುವುದಿಲ್ಲ, ಪತ್ರೆಗಾಗಿ ಕೊಂಬೆ ಕಡಿಯುವವರಿದ್ದಾರೆ.

ಮಿಕ್ಕ ಗಿಡಗಳಿಗೆ ಜಾಯಿಕಾಯಿ ಕಸಿ ಕಟ್ಟಿ ನೋಡಿದೆ. ಇಪ್ಪತ್ತರಲ್ಲಿ ಏಳು ಹಿಡಿದವು. ಒದ್ದೆ ಅಂಚಿನಲ್ಲೂ ಬೇರು ಕೊಳೆತಿಲ್ಲ, ಫಸಲು ಇನ್ನೂ ಬಂದಿಲ್ಲ.

ಜಡ್ಡಿಯಲ್ಲಿ ಇನ್ನೊಂದು ಅಪರೂಪದ ಮರವನ್ನೂ ನೆಟ್ಟಿದ್ದೇನೆ: ನಮ್ಮ ಜಿಲ್ಲೆಯ ಕತ್ತಲೆಕಾನು ಕಾಡಿನ ಹೆಸರು ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅದು ವಿಜ್ಞಾನಕ್ಕೆ ಗೊತ್ತಾದದ್ದೇ 2000ದಲ್ಲಿ. ಇಡೀ ಲೋಕದಲ್ಲಿ ಬಲಿತ ಮರಗಳು ತೀರಾ ಕಡಿಮೆ. ಗಂಡು, ಹೆಣ್ಣು ಮರ ಬೇರೆಬೇರೆಯಾದ್ದರಿಂದ ಒಂದೆರಡು ನೆಟ್ಟರೆ ಉಪಯೋಗವಿಲ್ಲ. ನಾನು ನೆಟ್ಟ ಹನ್ನೊಂದರಲ್ಲಿ ಆರು ಉಳಿದಿವೆ. ಹೆಣ್ಣು ಯಾವುದೆಂದು ಹೂ ಬಿಟ್ಟಾಗಲೇ ತಿಳಿಯಬೇಕು.

ಮಂಗಟ್ಟೆ ಬಂದು ಕೂರಲು ಶುರುವಾಗಿದೆ. ಸಿಂಗಳೀಕದ ಕೂಗು ಆಚೆ ಕಾನಿನಿಂದ ಕೇಳುತ್ತದೆ, ಇನ್ನೂ ದಾಟಿಲ್ಲ. ಕೊಂಬೆಗಳ ನಡುವೆ ಇನ್ನು ಎಂಟು ಹತ್ತು ಮಾರು ಅಂತರವಿದೆ.