ಬಹುಮಾನ ಘೋಷಣೆಗೆ ಮುಂಚಿನ ಕೆಲಸ: ಕಾಸರಗೋಡಿನಲ್ಲಿ ಹಾರರ್ ಕಿರುಚಿತ್ರ ಸ್ಪರ್ಧೆ ನಡೆಸಿದ ಅನುಭವ

ಹಾರರ್, ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಕಿರುಚಿತ್ರಗಳಿಗೆಂದೇ ಸ್ಪರ್ಧೆ ಇಟ್ಟರೆ, ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂಬಲ್ಲೇ ತಕರಾರು ಶುರುವಾಗುತ್ತದೆ. ನಮ್ಮ ಕಾಸರಗೋಡಿನಲ್ಲಿ ಇದು ಇನ್ನೂ ಸೂಕ್ಷ್ಮ. ದೈವಾರಾಧನೆಯ ಆಚರಣೆಗಳಾದ ಭೂತಕೋಲ, ತೆಯ್ಯಂ ಚಿತ್ರೀಕರಿಸಿ, ಅದಕ್ಕೊಂದು ಹಿನ್ನೆಲೆ ಸಂಗೀತ ಸೇರಿಸಿ ಕಳಿಸುವವರು ಇದ್ದೇ ಇರುತ್ತಾರೆ. ನಂಬಿಕೆಯಿಂದ ನಡೆದ ಕೋಲಕ್ಕೆ ಅಂಕ ಹಾಕಲು ಯಾವ ತೀರ್ಪುಗಾರನಿಗೂ ಕೈ ಬರುವುದಿಲ್ಲ, ಕಡಿಮೆ ಹಾಕಿದರೆ ಊರಿನವರಿಗೆ ನೋವು. ಅದಕ್ಕೇ ಅರ್ಜಿಯ ಮೊದಲ ಪುಟದಲ್ಲೇ ನಿಯಮ ಬರೆಯುತ್ತೇವೆ: ಅಸಾಧ್ಯವಾದದ್ದನ್ನು ಸಿನಿಮಾವೇ ಕಟ್ಟಿರಬೇಕು. ಕೋಲದ ದಾಖಲೆ ಸ್ಪರ್ಧೆಗೆ ಇಲ್ಲ. ಕಥೆಗಾಗಿ ಕಲ್ಪಿಸಿದ ದೈವ ಬಂದರೆ ಅಡ್ಡಿಯಿಲ್ಲ. ಕಥೆಯ ನಡುವೆ ನಿಜವಾದ ಕೋಲದ ದೃಶ್ಯ ಬಳಸಿದ್ದರೆ ಆ ದೈವಸ್ಥಾನದವರ ಒಪ್ಪಿಗೆ ಪತ್ರ ಜೊತೆಗಿರಬೇಕು.

ತೀರ್ಪುಗಾರರು ಐದು ಜನ. ಮೂವರಿದ್ದರೆ ಮೂರು ಸಿನಿಮಾಕ್ಕೆ ಒಂದೊಂದು ಓಟು ಬಿದ್ದು ಗಾಡಿ ಅಲ್ಲೇ ನಿಲ್ಲುತ್ತದೆ. ಏಳು ಜನರಾದರೆ ಒಂದೇ ದಿನ ಎಲ್ಲರನ್ನೂ ಕೂಡಿಸುವುದು ಕಷ್ಟ. ಐವರಲ್ಲಿ ಒಬ್ಬರು ಸಂಕಲನಕಾರ, ಒಬ್ಬರು ಶಬ್ದದ ಕೆಲಸ ಬಲ್ಲವರು, ಒಬ್ಬರು ಮಲಯಾಳಂ ವಿಮರ್ಶಕರು, ಒಬ್ಬರು ಕನ್ನಡದ ಕಥೆಗಾರರು. ಐದನೆಯ ಕುರ್ಚಿ ತೆಂಕುತಿಟ್ಟು ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಕ್ಕಸನ ವೇಷ, ಹಾಕುವ ಕಲಾವಿದರಿಗೆ. ಇದು ಗೌರವಕ್ಕಾಗಿ ಕೊಡುವ ಕುರ್ಚಿಯಲ್ಲ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಸಾಲುಸಾಲಾಗಿ ಚಿಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಇಟ್ಟು, ಒಂದು ಪದರ ಒಣಗಿದ ಮೇಲೆ ಇನ್ನೊಂದು ಏರಿಸಿ, ಅದೇ ಮುಖದಲ್ಲಿ ರಾತ್ರಿ ಅಬ್ಬರಿಸುವವರಿಗೆ ರಕ್ಕಸನ ಮುಖ ಎಲ್ಲಿ ಬಿರುಕು ಬಿಡುತ್ತದೆ ಎಂಬುದು ಗೊತ್ತು. ಬೇರೆಯವರು ಕಣ್ಣು ನೋಡುತ್ತಿದ್ದರೆ ಅವರು ಕಿವಿಯ ಕೆಳಗೆ, ದವಡೆಯ ಅಂಚು ನೋಡುತ್ತಾರೆ. ಮಾತಾಡುವಾಗ ಮೇಕಪ್ಪಿಗೆ ಅಂಟಿಸಿದ ಲೇಟೆಕ್ಸ್ ರಬ್ಬರು ಚರ್ಮದಿಂದ ಏಳುವುದು ಅಲ್ಲೇ. ಮೇಕಪ್ಪು, ಎಫೆಕ್ಟು ಮುಖ್ಯವಾಗುವ ಈ ಬಗೆಯ ಸಿನಿಮಾಕ್ಕೆ ಇಂಥ ಕಣ್ಣು ಒಂದಾದರೂ ಬೇಕು.

ಸ್ಪರ್ಧಿಗಳಲ್ಲಿ ಯಾರಾದರೂ ನೆಂಟರೋ ಶಿಷ್ಯರೋ ಇದ್ದರೆ ಸಿನಿಮಾ ನೋಡುವ ಮೊದಲೇ ಬರೆದು ಕೊಡಬೇಕು. ನಮ್ಮದು ಸಣ್ಣ ಜಿಲ್ಲೆ, ಸಂಬಂಧ ಇಲ್ಲದವರು ಸಿಗುವುದು ಅಪರೂಪ. ಆ ಸಿನಿಮಾದ ಸರದಿಯಲ್ಲಿ ಅವರು ಅಂಕವನ್ನೂ ಹಾಕುವುದಿಲ್ಲ, ಚರ್ಚೆಯಲ್ಲೂ ಕೂರುವುದಿಲ್ಲ. ಉಳಿದ ನಾಲ್ವರು ಎರಡೆರಡಾಗಿ ಒಡೆದರೆ ಅಧ್ಯಕ್ಷರ ಓಟು ನಿರ್ಣಾಯಕ. ಅಧ್ಯಕ್ಷರು ಯಾರೆಂದು ಮೊದಲ ದಿನವೇ ತೀರ್ಮಾನವಾಗಿರಬೇಕು.

ಇನ್ನು ನೋಡುವ ವ್ಯವಸ್ಥೆ. ಬಹುಮಾನ ತಪ್ಪು ಕೈಗೆ ಹೋಗುವುದು ಹೆಚ್ಚಾಗಿ ಇಲ್ಲಿಂದಲೇ ಎಂಬುದು ನನ್ನ ಗಟ್ಟಿ ನಂಬಿಕೆ. ಈ ಸಿನಿಮಾಗಳಲ್ಲಿ ಅರ್ಧ ಕಥೆ ಕತ್ತಲಲ್ಲಿ ನಡೆಯುತ್ತದೆ. ತೀರ್ಪುಗಾರರಿಗೆ ಲಿಂಕ್ ಕಳಿಸಿ ಮೊಬೈಲಿನಲ್ಲಿ ನೋಡಿ ಎಂದರೆ, ಕಷ್ಟಪಟ್ಟು ಬೆಳಕು ಮಾಡಿದ ಸಿನಿಮಾ ಬರೀ ಕಪ್ಪಾಗಿ ಕಾಣುತ್ತದೆ, ಟ್ಯೂಬ್‌ಲೈಟಿನಡಿ ತೆಗೆದದ್ದು ಸ್ಪಷ್ಟವಾಗಿ ಕಂಡು ಗೆಲ್ಲುತ್ತದೆ. ಹಾಗಾಗಿ ಅಂತಿಮ ಸುತ್ತು ಹಾಲಿನಲ್ಲೇ, ಎಲ್ಲರೂ ಒಟ್ಟಿಗೆ. ಪ್ರೊಜೆಕ್ಟರಿನಲ್ಲಿ ಮೊದಲು ಕಪ್ಪಿನಿಂದ ಬಿಳಿಯವರೆಗಿನ ಪಟ್ಟಿಗಳ ಚಿತ್ರ ಹಾಕಿ, ತೀರಾ ಕಡುವಾದ ಎರಡು ಪಟ್ಟಿಗಳು ಬೇರೆಬೇರೆಯಾಗಿ ಕಾಣುವವರೆಗೆ ಬ್ರೈಟ್‌ನೆಸ್ ಸರಿ ಮಾಡುತ್ತೇವೆ. ಕಿಟಕಿಗೆ ಎರಡು ಪದರ ಕಪ್ಪು ಬಟ್ಟೆ. ಅಷ್ಟಾದರೂ ಸಂಜೆ ಏಳರ ಮೊದಲು ಶುರು ಮಾಡುವುದಿಲ್ಲ.

ಫೈಲು 1080ಪಿ, ಸೆಕೆಂಡಿಗೆ 15ರಿಂದ 20 ಮೆಗಾಬಿಟ್ ಇರಲಿ ಎಂದು ಕೇಳುತ್ತೇವೆ. ವಾಟ್ಸಾಪಿನಲ್ಲಿ ಬಂದ ಫೈಲು ಹಗಲಿನ ದೃಶ್ಯದಲ್ಲಿ ಹೇಗೋ ನಡೆದೀತು, ಕತ್ತಲ ಗೋಡೆಯ ಮೇಲೆ ಮಾತ್ರ ಚೌಕಚೌಕ ಎದ್ದು ಕಾಣುತ್ತದೆ, ಪ್ರೇತ ಬರುವ ಮೊದಲೇ ಗೋಡೆ ಅಲುಗಾಡುತ್ತದೆ. ಸಬ್‌ಟೈಟಲ್ ಎಲ್ಲರಿಗೂ ಕಡ್ಡಾಯ, ಕನ್ನಡದ ಸಿನಿಮಾಕ್ಕೂ. ತುಳು, ಮಲಯಾಳಂ, ಬ್ಯಾರಿ ಎಲ್ಲ ಬರುವಾಗ ಐವರಿಗೂ ಒಂದೇ ಇಂಗ್ಲಿಷ್ ಸಾಲು ಇದ್ದರೆ ಮಾತ್ರ ಸಮ. ಅಕ್ಷರ ಅಚ್ಚ ಬಿಳಿ ಬೇಡ, ಸ್ವಲ್ಪ ಬೂದು ಇರಲಿ. ಕತ್ತಲ ದೃಶ್ಯದಲ್ಲಿ ಬಿಳಿ ಸಾಲು ಹೊಳೆದರೆ ಮೇಲಿನ ನೆರಳು ಕಣ್ಣಿಗೆ ಹತ್ತುವುದಿಲ್ಲ.

ಶಬ್ದದಲ್ಲಿ ಇನ್ನೊಂದು ಅನ್ಯಾಯ ಆಗುತ್ತದೆ. ಒಬ್ಬೊಬ್ಬರ ಮಿಕ್ಸ್ ಒಂದೊಂದು ಮಟ್ಟದಲ್ಲಿರುತ್ತದೆ. ಜೋರಾಗಿ ಬಡಿದು ಬೆಚ್ಚಿಬೀಳಿಸಿದ್ದೇ ಚೆನ್ನಾಗಿತ್ತು ಎನಿಸಿಬಿಡುತ್ತದೆ. ಹಿಂದಿನ ದಿನ ಪ್ರತಿ ಸಿನಿಮಾದ ಮಾಮೂಲಿ ಮಾತುಕತೆಯ ಭಾಗ ಹಾಕಿ, ಮಾತು ಎಲ್ಲದರಲ್ಲೂ ಒಂದೇ ಮಟ್ಟದಲ್ಲಿ ಕೇಳುವಂತೆ ವಾಲ್ಯೂಮ್ ಸಂಖ್ಯೆ ಬರೆದಿಡುತ್ತೇವೆ. ಸಿನಿಮಾ ನಡೆಯುವಾಗ ಯಾರೂ ಗುಂಡಿ ಮುಟ್ಟುವಂತಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಇಟ್ಟುಕೊಳ್ಳಲೇಬಾರದು. ಶೀಟಿನ ಮಾಡಿನ ಮೇಲೆ ನಮ್ಮ ಮಳೆ ಹೊಡೆಯುವಾಗ ಪಿಸುಮಾತಿನ ಹಾರರ್ ಮುಗಿದಂತೆಯೇ. ಡಿಸೆಂಬರ್, ಜನವರಿ ಒಳ್ಳೆಯದು. ಆಗಲೂ ಕರೆಂಟು ಹೋಗಬಹುದು, ಪ್ರೊಜೆಕ್ಟರಿಗೆ ಯುಪಿಎಸ್ ಇರಲಿ. ನಡುವೆ ನಿಂತರೆ ನಿಂತಲ್ಲಿಂದ ಮುಂದುವರಿಸದೆ ಆ ರಾತ್ರಿಯ ಕೊನೆಗೆ ಮೊದಲಿನಿಂದ ಹಾಕುತ್ತೇವೆ. ಭಯ ಏರಿಸಿಕೊಂಡು ಹೋದ ಸಿನಿಮಾವನ್ನು ಅರ್ಧದಿಂದ ನೋಡಿ ಅಂಕ ಹಾಕುವುದು ನ್ಯಾಯವಲ್ಲ.

ಒಂದು ಕೂಡಿಕೆಗೆ, ಅಂದರೆ ಒಮ್ಮೆ ಕೂತು ನೋಡುವ ಸಿನಿಮಾಗಳ ಗುಂಪಿಗೆ, 80 ನಿಮಿಷ ಸಾಕು. ಯಾವುದರ ನಂತರ ಯಾವುದು ಎಂಬುದು ಚೀಟಿ ಎತ್ತಿ ನಿರ್ಧಾರ. ಪ್ರತಿ ಸಿನಿಮಾದ ನಂತರ 5 ನಿಮಿಷ ದೀಪ ಹಾಕಿ, ಮಾತಿಲ್ಲದೆ ಟಿಪ್ಪಣಿ.

ಅಂಕ ಕೂಡಿಸಿ ಗೆದ್ದವರನ್ನು ಹೇಳುವುದು ನಮ್ಮಲ್ಲಿ ಶಾಲಾ ಕಲೋತ್ಸವದಿಂದ ಬಂದ ಅಭ್ಯಾಸ. ಇದರ ದೋಷ ಸಣ್ಣ ಲೆಕ್ಕದಲ್ಲೇ ಕಾಣುತ್ತದೆ. ಮೂವರು ತೀರ್ಪುಗಾರರು ಅಂತಿಟ್ಟುಕೊಳ್ಳಿ. ಇಬ್ಬರು ಮೊದಲ ಸಿನಿಮಾಕ್ಕೆ 6, ಎರಡನೆಯದಕ್ಕೆ 5 ಕೊಟ್ಟರು. ಮೂರನೆಯವರು ಕೈಬಿಚ್ಚಿ ಮೊದಲನೆಯದಕ್ಕೆ 5, ಎರಡನೆಯದಕ್ಕೆ 9 ಕೊಟ್ಟರು. ಒಟ್ಟು 17 ಮತ್ತು 19. ಮೂವರಲ್ಲಿ ಇಬ್ಬರಿಗೆ ಇಷ್ಟವಾದದ್ದು ಸೋತಿತು. ಅದಕ್ಕೆ ಅಂಕ ಬಿಟ್ಟು ಸ್ಥಾನ ಬರೆಸುತ್ತೇವೆ: 1, 2, 3 ಹೀಗೆ. ಸ್ಥಾನಗಳನ್ನು ಕೂಡಿಸಿ, ಮೊತ್ತ ಕಡಿಮೆ ಬಂದ ಮೂರು ಸಿನಿಮಾ ಚರ್ಚೆಗೆ. ಸಂಬಂಧದ ಕಾರಣ ಒಬ್ಬರು ದೂರ ಉಳಿದ ಸಿನಿಮಾ ಇದ್ದರೆ ಎಲ್ಲ ಸಿನಿಮಾಗಳಿಗೂ ಮೊತ್ತದ ಬದಲು ಸರಾಸರಿ ಹಿಡಿಯಬೇಕು, ಇಲ್ಲದಿದ್ದರೆ ಆ ಸಿನಿಮಾಕ್ಕೆ ಸುಮ್ಮನೆ ಲಾಭ.

ಸ್ಥಾನದ ಲೆಕ್ಕಕ್ಕೂ ಒಂದು ದೌರ್ಬಲ್ಯವಿದೆ: ಎಲ್ಲರಿಗೂ ಎರಡನೆಯದಾದ, ಯಾರಿಗೂ ಹುಚ್ಚು ಹಿಡಿಸದ ಸಿನಿಮಾ ಮೇಲೆ ಬರುತ್ತದೆ. ಆದ್ದರಿಂದ ಕೊನೆಯ ತೀರ್ಮಾನ ಲೆಕ್ಕದ ಕೈಗೆ ಕೊಡುವುದಿಲ್ಲ. ಚರ್ಚೆ ಮುಗಿದ ಮೇಲೆ ಗುಪ್ತ ಚೀಟಿ, ಒಂದೇ ಹೆಸರು. 2-2-1 ಬಂದರೆ ಒಂದು ಓಟಿನದ್ದನ್ನು ತೆಗೆದು ಮತ್ತೆ ಚೀಟಿ. ಚರ್ಚೆಯಲ್ಲಿ ಕಿರಿಯರು ಮೊದಲು ಮಾತಾಡಲಿ. ಹಿರಿಯರು ಬಾಯಿ ಬಿಟ್ಟ ಮೇಲೆ "ಸರ್ ಹೇಳಿದ್ದು ಸರಿ" ಎಂಬುದಷ್ಟೇ ಉಳಿಯುತ್ತದೆ.

ಪ್ರೇಕ್ಷಕರ ಬಹುಮಾನ ಇಡಲೇಬೇಕು. ನಮ್ಮ ಕೇರಳ ರಾಜ್ಯದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ ಐಎಫ್‌ಎಫ್‌ಕೆಯಲ್ಲೂ ಪ್ರತಿನಿಧಿಗಳ, ಅಂದರೆ ಪಾಸ್ ಪಡೆದು ನೋಡುವವರ, ಓಟಿನಿಂದ ಕೊಡುವ ಬಹುಮಾನವಿದೆ. ನೆಂಟರಿಷ್ಟರು ವ್ಯಾನು ಮಾಡಿಕೊಂಡು ಬಂದು ಓಟು ಒತ್ತುವುದೇ ಇಲ್ಲಿನ ತೊಂದರೆ. ಒಂದು ಕೂಡಿಕೆಯ ಎಲ್ಲ ಸಿನಿಮಾಗಳೂ ಒಂದೇ ಚೀಟಿಯಲ್ಲಿ, ಎಲ್ಲದಕ್ಕೂ 1ರಿಂದ 5ರೊಳಗೆ ಗುರುತು ಬೇಕು, ಒಂದು ಖಾಲಿ ಇದ್ದರೂ ಚೀಟಿ ರದ್ದು. ಚೀಟಿ ಬಾಗಿಲಲ್ಲಿ ಕೊಡುವುದು ಕೊನೆಯ ಸಿನಿಮಾ ಮುಗಿದ ಮೇಲೆ. ಒಟ್ಟು ಅಂಕ ನೋಡದೆ, 4 ಅಥವಾ 5 ಕೊಟ್ಟವರು ನೂರಕ್ಕೆ ಎಷ್ಟು ಎಂದು ನೋಡುತ್ತೇವೆ. ಹಗೆಯಿಂದ ಹಾಕಿದ 1ಕ್ಕೂ ಸಪ್ಪೆ ಅನಿಸಿ ಹಾಕಿದ 3ಕ್ಕೂ ಆಗ ಒಂದೇ ತೂಕ.

ಒಟ್ಟು ಮೂರೇ ಬಹುಮಾನ: ಉತ್ತಮ ಚಿತ್ರ, ಉತ್ತಮ ಕುಶಲತೆ, ಪ್ರೇಕ್ಷಕರ ಮೆಚ್ಚುಗೆ. ತೀರ್ಪುಗಾರರ ಎರಡೂ ಬಹುಮಾನ ಒಂದೇ ಸಿನಿಮಾಕ್ಕೆ ಇಲ್ಲ. ಎಲ್ಲರಿಗೂ ಫಲಕ ಹಂಚಿದರೆ ಫಲಕಕ್ಕೆ ಬೆಲೆ ಇರುವುದಿಲ್ಲ. ಯುರೋಪಿನಲ್ಲಿ ಸ್ಪೇನಿನ ಸಿಜಸ್ ಮೊದಲಾದ ಫ್ಯಾಂಟಸಿ ಚಿತ್ರೋತ್ಸವಗಳು ಸೇರಿದ ಒಕ್ಕೂಟ, ಸಿನಿಮಾದ ಆರಂಭಕಾಲದ ಫ್ರೆಂಚ್ ಟ್ರಿಕ್ ನಿರ್ದೇಶಕ ಜಾರ್ಜ್ ಮೆಲಿಯೆಸ್ ಹೆಸರಿನಲ್ಲಿ ಒಂದು ಏಣಿಯನ್ನೇ ಮಾಡಿದೆ. ಸದಸ್ಯ ಉತ್ಸವಗಳು ಬೆಳ್ಳಿಯ ಮೆಲಿಯೆಸ್ ಕೊಡುತ್ತವೆ, ಬೆಳ್ಳಿ ಪಡೆದವರ ನಡುವೆ ಚಿನ್ನಕ್ಕೆ ಸ್ಪರ್ಧೆ. ಮಂಜೇಶ್ವರ, ಬದಿಯಡ್ಕ, ಕಾಞಂಗಾಡಿನ ಸಂಘಗಳು ಹೀಗೆ ಒಟ್ಟಾದರೆ ನಮ್ಮಲ್ಲೂ ಆಗದ ಕೆಲಸವಲ್ಲ.

ಗೆದ್ದ ಸಿನಿಮಾಕ್ಕೆ ಎರಡು ವಾಕ್ಯದ ಟಿಪ್ಪಣಿಯನ್ನು ತೀರ್ಪುಗಾರರೇ ಆ ರಾತ್ರಿ ಬರೆದು ಸಹಿ ಹಾಕಬೇಕು. "ಅತ್ಯುತ್ತಮ ನಿರ್ದೇಶನ" ಎಂಬಂಥ ಸಾಲು ಒಪ್ಪುವುದಿಲ್ಲ, ಯಾವ ದೃಶ್ಯ, ಏಕೆ ಎಂದು ಇರಬೇಕು. ಅಪೀಲು ಇಲ್ಲ ಎಂಬುದನ್ನು ಅರ್ಜಿಯಲ್ಲೇ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ಗೆಲ್ಲದವರು ಕೇಳಿದರೆ ಅವರ ಸಿನಿಮಾದ ಬಗ್ಗೆ ಬರೆದ ಟಿಪ್ಪಣಿಗಳನ್ನು, ಬರೆದವರ ಹೆಸರು ತೆಗೆದು, ಎರಡು ವಾರದೊಳಗೆ ಕಳಿಸುತ್ತೇವೆ.