‘ಚಾರ್ಜ್’ ಪದವನ್ನು ಟೊಮೆಟೊ ಲಾರಿಗೆ ಹೇರಿದ್ದು

ಕೋಲಾರ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಕನ್ನಡ ಮೀಡಿಯಂ ಮಕ್ಕಳು. ಸುಮಾರು ಮನೆಗಳಲ್ಲಿ ತೆಲುಗು ಮಾತು.

ಮೊದಲೆಲ್ಲ ಸಮಾನಾರ್ಥಕ ಪದಗಳನ್ನು ಬೋರ್ಡ್ ಮೇಲೆ ಸಾಲಾಗಿ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ‘ಚಾರ್ಜ್’ ಅಂದರೆ ಫೀ, ಫೇರ್, ಅಕ್ಯೂಸ್, ಅಟ್ಯಾಕ್, ಡ್ಯೂಟಿ. ಒಂದು ಟೆಸ್ಟಿನಲ್ಲಿ ಒಬ್ಬ ಹುಡುಗ ‘ದಿ ಡಾಕ್ಟರ್ ಅಕ್ಯೂಸ್ಡ್ ಟೂ ಹಂಡ್ರೆಡ್ ರುಪೀಸ್’ ಎಂದು ಬರೆದ. ನಾನು ಕೊಟ್ಟ ಪಟ್ಟಿಯಿಂದಲೇ ಆರಿಸಿದ್ದ. ಆ ಉತ್ತರಕ್ಕೆ ಕೆಂಪು ಗೆರೆ ಎಳೆಯಲು ನನಗೆ ಮನಸ್ಸು ಬರಲಿಲ್ಲ. ತಪ್ಪು ನನ್ನ ಪಟ್ಟಿಯದು.

ಅವತ್ತು ರಾತ್ರಿ ಡಿಕ್ಷನರಿಯಲ್ಲಿ ಆ ಪದದ ಮೂಲ ಹುಡುಕಿದೆ. ಲ್ಯಾಟಿನ್ನಿನಲ್ಲಿ ‘ಕಾರ್ರುಸ್’ ಅಂದರೆ ಗಾಡಿ. ಗಾಡಿಗೆ ಹೊರೆ ಹೇರುವುದಕ್ಕೆ ‘ಕಾರ್ರಿಕಾರೆ’. ಅದೇ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಗಿದೆ. ಹಡಗಿನ ‘ಕಾರ್ಗೋ’ ಕೂಡ ಇದೇ ಬಳಗದ್ದು. ಓದುತ್ತಿದ್ದ ಹಾಗೆ ಕೋಲಾರ ಎಪಿಎಂಸಿ ಯಾರ್ಡಿನ ಟೊಮೆಟೊ ಲಾರಿಗಳು ಕಣ್ಣಮುಂದೆ ಬಂದವು.

ಮಾರನೇ ದಿನ ಕ್ಲಾಸಿನಲ್ಲಿ ಕೇಳಿದೆ: ‘ಲಾರಿಗೆ 15 ಕೆ.ಜಿ. ಬಾಕ್ಸ್‌ಗಳನ್ನ ಏನು ಮಾಡ್ತಾರೆ?’

‘ಹೇರ್ತಾರೆ ಸಾರ್.’

‘ದಂಡ?’ ‘ಅದೂ ಹೇರ್ತಾರೆ.’

‘ಆರೋಪ?’ ‘ಹೊರಿಸ್ತಾರೆ.’

‘ಜವಾಬ್ದಾರಿ?’ ‘ಹೊತ್ಕೋತಾರೆ.’

ಇಂಗ್ಲಿಷಿನವರಿಗೆ ‘ಚಾರ್ಜ್’ ಮಾಡುವ ಕೆಲಸವನ್ನು ನಮಗೆ ‘ಹೇರು’, ‘ಹೊರು’ ಮಾಡುತ್ತಿವೆ. ಬ್ಯಾಟರಿಗೆ ಕರೆಂಟು ತುಂಬುವುದು ಚಾರ್ಜ್, ಇಳಿದುಹೋದರೆ ಡಿಸ್ಚಾರ್ಜ್. ಹೆಡ್‌ಮಾಸ್ಟರ್ ಇಲ್ಲದಾಗ ‘ಇನ್‌ಚಾರ್ಜ್’ ಇರುವವರನ್ನು ಕಚೇರಿ ಕನ್ನಡದಲ್ಲಿ ‘ಪ್ರಭಾರ’ ಅನ್ನುತ್ತಾರಲ್ಲ, ಅದರೊಳಗೂ ಭಾರ ಇದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರತೊಡಗಿದ ಮೇಲೆ ಅಂತರ್ಜಲ ‘ರೀಚಾರ್ಜ್’ ಅನ್ನುವ ಮಾತೂ ಮಕ್ಕಳ ಕಿವಿಗೆ ಬಿದ್ದಿದೆ. ಮತ್ತೆ ತುಂಬುವುದು, ಅಷ್ಟೇ.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸಾರ್, ನಮ್ಮನೇಲಿ ಹುಲ್ಲಿನ ಹೊರೆಗೆ ಗಡ್ಡಿ ಮೋಪು ಅಂತಾರೆ. ಟೀವಿ ನ್ಯೂಸಲ್ಲಿ ನೇರಂ ಮೋಪಾರು ಅಂತಾರೆ. ಅದೂ ಇದೇ ಅಲ್ವಾ?’ ಅದೇ! ತೆಲುಗಿನಲ್ಲೂ ಅಪರಾಧವನ್ನು ಹೊರೆಯ ಹಾಗೇ ತಲೆ ಮೇಲೆ ಇಡುತ್ತಾರೆ. ಇದು ನನಗೆ ಹೊಳೆದಿರಲಿಲ್ಲ. ಅವಳ ಮಾತನ್ನು ಬೋರ್ಡ್ ಮೇಲೆ ಬರೆದೆ.

ಆಮೇಲೆ ಉಳಿದ ಪದಗಳನ್ನು ಬೇರೆ ಬೇರೆ ಮಾಡಿದೆವು. ಬಸ್ಸಿಗೆ ಕೊಡುವುದು ಫೇರ್. ಡಾಕ್ಟರಿಗೆ, ವಕೀಲರಿಗೆ ಕೊಡುವುದು ಫೀ. ಹೆದ್ದಾರಿಯಲ್ಲಿ ಟೋಲ್. ನಮ್ಮ ಕಡೆ ‘ಬಸ್ ಚಾರ್ಜ್’ ಅನ್ನುವುದೇ ಜಾಸ್ತಿ, ಆದರೆ ಪರೀಕ್ಷೆಯಲ್ಲಿ ಫೇರ್ ಅಂತಲೇ ಬರೆಯಿರಿ ಅಂದೆ. ಆರೋಪದಲ್ಲೂ ಮೆಟ್ಟಿಲುಗಳಿವೆ. ‘ನಿನ್ನಿಂದಲೇ ಹೀಗಾಯ್ತು’ ಅಂದರೆ ಬ್ಲೇಮ್. ‘ನೀನೇ ಕದ್ದಿದ್ದು’ ಅಂದರೆ ಅಕ್ಯೂಸ್, ಅದನ್ನು ಯಾರು ಬೇಕಾದರೂ ಅನ್ನಬಹುದು. ಕಾನೂನಿನ ಪ್ರಕಾರ ಪೊಲೀಸರೋ ಕೋರ್ಟೋ ಹೊರಿಸಿದರೆ ಮಾತ್ರ ಚಾರ್ಜ್. ಚಾರ್ಜ್‌ಶೀಟ್ ಅನ್ನುವುದು ಅದಕ್ಕೇ.

‘ಲಾಠಿ ಚಾರ್ಜ್’ ಒಂದು ಮಾತ್ರ ಈ ಲೆಕ್ಕಕ್ಕೆ ಸಲೀಸಾಗಿ ಕೂರಲಿಲ್ಲ. ಸುಮ್ನೆ ಎಳೆದು ಹೊಂದಿಸಲು ಹೋಗಲಿಲ್ಲ. ಗೂಳಿ ನುಗ್ಗಿ ಬರುವ ಚಿತ್ರ ಬರೆದು, ಇದನ್ನು ಬೇರೆಯಾಗಿ ನೆನಪಿಡಿ ಅಂದೆ.

ಮುಂದಿನ ಟೆಸ್ಟಿನಲ್ಲಿ ಅದೇ ಹುಡುಗ ಡಾಕ್ಟರ್ ವಾಕ್ಯವನ್ನು ಸರಿಯಾಗಿ ಬರೆದ. ಕಳ್ಳನ ವಾಕ್ಯದಲ್ಲಿ ಮಾತ್ರ ‘ಚಾರ್ಜ್ಡ್ ವಿತ್’ ಬದಲು ‘ಚಾರ್ಜ್ಡ್ ಆಫ್’ ಎಂದಿದ್ದ. ‘ಅಕ್ಯೂಸ್’ ಜೊತೆಗೆ ಆಫ್, ‘ಚಾರ್ಜ್’ ಜೊತೆಗೆ ವಿತ್. ಈ ವಾರ ಅದನ್ನೇ ಹೇಳಿಕೊಡುತ್ತಿದ್ದೇನೆ.